ಬಸಳೆಯ ಬಳ್ಳಿ

ಕರಾವಳಿಯ ಹಳ್ಳಿಯೊಂದರಲ್ಲಿ ಮನೆಯ ಹಿತ್ತಿಲಿಗೆ ಹೋದರೆ, ಬಾವಿಕಟ್ಟೆಯ ಮಗ್ಗುಲಲ್ಲಿ ಎದೆಯೆತ್ತರದ ಸಣ್ಣ ಚಪ್ಪರವೊಂದು ಕಣ್ಣಿಗೆ ಬೀಳುತ್ತದೆ. ಅಡಕೆ ಮರದ ನಾಲ್ಕು ಕಂಬಗಳು. ಮೇಲೆ ಅಡ್ಡಲಾಗಿ ಹಾಸಿದ ಬಿದಿರು ಮತ್ತು ಒಣಗಿದ ಸೊಪ್ಪಿನ ಕೊಂಬೆಗಳು. ಅವುಗಳನ್ನೆಲ್ಲ ಮುಚ್ಚಿ ಹರಡಿರುವ ದಪ್ಪನೆಯ, ಮಿರುಗುವ ಹಸುರೆಲೆಗಳು. ಇದೇ ಬಸಳೆಯ ಚಪ್ಪರ. ಮನೆಗೆ ನೆಂಟರು ಬಂದಾಗ ಗೃಹಿಣಿಯು ಕತ್ತಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ನಾಲ್ಕಾರು ಹಂಬುಗಳನ್ನು ಕೊಯ್ದು ತರುತ್ತಾಳೆ. ಮೂರು ವಾರ ಕಳೆದು ನೋಡಿದರೆ ಕೊಯ್ದ ಗುರುತೂ ಉಳಿದಿರುವುದಿಲ್ಲ; ಚಪ್ಪರವು ಮೊದಲಿಗಿಂತಲೂ ದಟ್ಟವಾಗಿರುತ್ತದೆ.

ಹರಿವೆಯನ್ನು ಬುಡದಿಂದ ಕಿತ್ತರೆ ಮತ್ತೆ ಬಿತ್ತಬೇಕು. ಕೊತ್ತಂಬರಿಯನ್ನು ಕಿತ್ತರೂ ಹಾಗೆಯೇ. ಆದರೆ ಬಸಳೆಯು ಕೊಯ್ದಷ್ಟೂ ಬೆಳೆಯುತ್ತದೆ. ಕೊಯ್ಯದೆ ಬಿಟ್ಟರೆ ಬಡವಾಗುತ್ತದೆ. ಇದಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ಅರಿತವರಿಗೆ ಬಸಳೆಯ ಬೇಸಾಯವನ್ನು ಬೇರೆಯಾಗಿ ಕಲಿಸಬೇಕಾದುದಿಲ್ಲ. ಆ ಉತ್ತರವು ಬಳ್ಳಿಯ ಗೆಣ್ಣಿನಲ್ಲಿದೆ. ಈ ಲೇಖನದಲ್ಲಿ ನಾವು ಆ ಗೆಣ್ಣನ್ನೇ ಹಿಡಿದುಕೊಂಡು, ನೆಡುವುದರಿಂದ ಮೊದಲ್ಗೊಂಡು ಅಡಿಗೆಯವರೆಗೆ ಬಸಳೆಯ ವಿಚಾರವನ್ನು ತಿಳಿಯಲು ಯತ್ನಿಸೋಣ.

ಹೆಸರು ಮತ್ತು ಕುಲ

ಸಸ್ಯಶಾಸ್ತ್ರದಲ್ಲಿ ಬಸಳೆಗೆ ‘ಬಸೆಲ್ಲಾ ಆಲ್ಬಾ’ ಎಂದು ಹೆಸರು. ಶಾಸ್ತ್ರೀಯ ನಾಮಗಳು ಹೆಚ್ಚಾಗಿ ಗ್ರೀಕ್ ಇಲ್ಲವೆ ಲ್ಯಾಟಿನ್ ಮೂಲದವಾಗಿದ್ದು ನಮ್ಮ ನಾಲಗೆಗೆ ಒಗ್ಗುವುದಿಲ್ಲ. ಇದರ ಮಾತು ಬೇರೆ. ‘ಬಸೆಲ್ಲಾ’ ಎಂಬುದು ನಮ್ಮ ಪಶ್ಚಿಮ ಕರಾವಳಿಯ ಮಾತೇ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡನು ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದನು; ಅದು ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡಾಮ್ ನಗರದಲ್ಲಿ ಅಚ್ಚಾಯಿತು. ಈ ಕಾರ್ಯದಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಅವನಿಗೆ ನೆರವಾಗಿದ್ದರು. ಗಿಡಗಳ ದೇಶೀಯ ನಾಮಗಳನ್ನು ಆ ಗ್ರಂಥದಲ್ಲಿ ಕೇಳಿದಂತೆಯೇ ಬರೆದುಕೊಳ್ಳಲಾಯಿತು. ಮುಂದೆ ೧೭೫೩ರಲ್ಲಿ ಸ್ವೀಡನ್ನಿನ ಲಿನೀಯಸನು ಜಗತ್ತಿನ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಡುತ್ತ ಬಂದಾಗ, ಈ ಬಳ್ಳಿಗೆ ಮಲಬಾರಿನ ಹೆಸರನ್ನೇ ಉಳಿಸಿಕೊಂಡನು. ಹೀಗೆ ಕನ್ನಡದ ಬಸಳೆ, ತಮಿಳಿನ ಪಸಲೈ, ತೆಲುಗಿನ ಬಚ್ಚಲಿ ಇವುಗಳ ಒಡಹುಟ್ಟಾದ ಮಾತೊಂದು ಲೋಕದ ಸಸ್ಯಕೋಶಗಳಲ್ಲೆಲ್ಲ ನೆಲೆಯೂರಿತು. ಸಂಸ್ಕೃತದಲ್ಲಿ ಇದಕ್ಕೆ ಉಪೋದಿಕಾ ಎಂದೂ, ಕೊಂಕಣಿಯಲ್ಲಿ ವಾಳಿ ಎಂದೂ, ಬಂಗಾಳದಲ್ಲಿ ಪುಂಯಿ ಎಂದೂ ಹೆಸರು.

ಲಿನೀಯಸನು ಹಸುರು ದಂಟಿನ ಬಸಳೆಯನ್ನೂ ಕೆಂಪು ದಂಟಿನ ಬಸಳೆಯನ್ನೂ ಎರಡು ಜಾತಿಗಳೆಂದು ಎಣಿಸಿದ್ದನು. ಈಗಿನ ಸಸ್ಯಶಾಸ್ತ್ರಜ್ಞರು ಇವೆರಡೂ ಒಂದೇ ಜಾತಿಯ ಎರಡು ಬಗೆಗಳೆಂದು ತಿಳಿಯುತ್ತಾರೆ. ಇಂಗ್ಲಿಷರು ಇದನ್ನು ಮಲಬಾರ್ ಸ್ಪಿನಾಚ್ ಎಂದು ಕರೆದರೂ ಪಾಲಕದ ಕುಲಕ್ಕೂ ಇದರ ಕುಲಕ್ಕೂ ನೇರವಾದ ಸಂಬಂಧವಿಲ್ಲ. ಬಸಳೆಯದು ತನ್ನದೇ ಆದ ಒಂದು ಚಿಕ್ಕ ಕುಟುಂಬ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ರೈತರು ಗೆಡ್ಡೆಗಾಗಿ ಬೆಳೆಯುವ ಉಲ್ಲುಕೋ ಎಂಬ ಸಸ್ಯವು ಈ ಕುಟುಂಬದ ಇನ್ನೊಂದು ಹೆಸರಾಂತ ಸದಸ್ಯ. ಇನ್ನೂ ವಿಸ್ತಾರವಾದ ಬಳಗವನ್ನು ತೆಗೆದುಕೊಂಡರೆ ಹರಿವೆ, ಬೀಟ್‌ರೂಟು, ಗೋಣಿಸೊಪ್ಪು, ಪಾಪಾಸುಕಳ್ಳಿ ಇವೆಲ್ಲ ಬಸಳೆಯ ದಾಯಾದಿಗಳೇ. ಪಾಪಾಸುಕಳ್ಳಿಯ ಹೆಸರನ್ನು ಕೇಳಿ ವಾಚಕರು ಆಶ್ಚರ್ಯಪಡಬಹುದು. ಆದರೆ ಬಸಳೆಯ ಎಲೆಯೊಂದನ್ನು ಬೆರಳುಗಳ ನಡುವೆ ಹಿಸುಕಿ ನೋಡಿದರೆ, ಒಳಗಿನ ನೀರೂ ಲೋಳೆಯೂ ಆ ನೆಂಟಸ್ತಿಕೆಯನ್ನು ನೆನಪಿಗೆ ತರುತ್ತವೆ.

ಗೆಣ್ಣಿನ ರಚನೆ

ಒಂದು ಮೊಳದುದ್ದದ ಬಸಳೆಯ ದಂಟನ್ನು ಕೈಗೆತ್ತಿಕೊಂಡು ನೋಡೋಣ. ಇದು ರಸಭರಿತವಾಗಿದೆ, ಮುರಿದರೆ ಸುಲಭವಾಗಿ ಮುರಿಯುತ್ತದೆ. ಕೆಲವು ಅಂಗುಲಗಳಿಗೊಮ್ಮೆ ದಂಟು ತುಸು ಉಬ್ಬಿದೆ. ಅಲ್ಲಿಂದ ಒಂದು ಎಲೆ ಹೊರಟಿದೆ. ಇದೇ ಗೆಣ್ಣು. ಎಲೆಯ ತೊಟ್ಟು ದಂಟನ್ನು ಸೇರುವ ಕಂಕುಳಲ್ಲಿ ಸೂಕ್ಷ್ಮವಾಗಿ ನೋಡಿದರೆ ಸಾಸಿವೆಯಷ್ಟು ಚಿಕ್ಕದಾದ ಹಸುರು ಮೊಗ್ಗೊಂದು ಕಾಣುತ್ತದೆ. ಈ ಮೊಗ್ಗು ಹೂವಿನ ಗೊಂಚಲಾಗಿ ಬೆಳೆಯಬಹುದು. ಹೊಸ ಹಂಬಾಗಿಯೂ ಬೆಳೆಯಬಹುದು. ಅದೇ ಗೆಣ್ಣು ಒದ್ದೆ ಮಣ್ಣಿಗೆ ತಗಲಿದರೆ ಅಲ್ಲಿಂದ ಬೇರುಗಳೂ ಹೊರಡುತ್ತವೆ. ಎಂದರೆ ಎಲೆ, ಕೊಂಬೆ, ಹೂ, ಬೇರು ಈ ನಾಲ್ಕಕ್ಕೂ ಗೆಣ್ಣೇ ತವರುಮನೆ. ಎರಡು ಗೆಣ್ಣುಗಳ ನಡುವಣ ಭಾಗವು ನೀರನ್ನೂ ಆಹಾರವನ್ನೂ ಸಾಗಿಸುವ ದಾರಿ ಮಾತ್ರ.

ಬಸಳೆಗೆ ಹಾಗಲಕ್ಕಿರುವಂತೆ ಹಿಡಿತದ ಕುಡಿಬಳ್ಳಿಗಳಿಲ್ಲ. ವೀಳ್ಯದೆಲೆಯ ಬಳ್ಳಿಗಿರುವಂತೆ ಅಂಟುವ ಬೇರುಗಳಿಲ್ಲ. ಅದು ತನ್ನ ದಂಟನ್ನೇ ಆಸರೆಯ ಸುತ್ತ ಸುತ್ತಿಕೊಂಡು ಏರುತ್ತದೆ. ಬೆಳೆಯುವ ಕುಡಿಯು ನೆಟ್ಟಗೆ ನಿಂತಿರುವಂತೆ ತೋರಿದರೂ, ದಂಟಿನ ಒಂದೊಂದು ಪಕ್ಕವೂ ಸರದಿಯಂತೆ ಹೆಚ್ಚು ವೇಗದಿಂದ ಬೆಳೆಯುವುದರಿಂದ, ಅದು ಗಾಳಿಯಲ್ಲಿ ನಿಧಾನವಾಗಿ ವರ್ತುಲಾಕಾರದಲ್ಲಿ ತಿರುಗುತ್ತಿರುತ್ತದೆ. ಸುತ್ತುವ ಬಳ್ಳಿಗಳ ಈ ಚಲನೆಯನ್ನು ಚಾರ್ಲ್ಸ್ ಡಾರ್ವಿನ್ ಗಡಿಯಾರವನ್ನು ಮುಂದಿಟ್ಟುಕೊಂಡು ಅಳೆದು, ೧೮೬೫ರಲ್ಲಿ ಏರುಬಳ್ಳಿಗಳನ್ನು ಕುರಿತ ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಕುರುಡನು ಕೋಲಿನಿಂದ ದಾರಿಯನ್ನು ತಡವುವಂತೆ ಕುಡಿಯು ಸುತ್ತಲೂ ತಡವುತ್ತದೆ. ಕಡ್ಡಿಯೊಂದು ಸಿಕ್ಕಿದೊಡನೆ ಅದನ್ನು ಬಳಸಿ ಮೇಲೇರುತ್ತದೆ. ಆದುದರಿಂದಲೇ ಬಸಳೆಗೆ ಕೊಡುವ ಆಸರೆ ತೆಳ್ಳಗಿರಬೇಕು. ಹೆಬ್ಬೆರಳಿನ ಗಾತ್ರದ ಕೋಲನ್ನು ಅದು ಸುಲಭವಾಗಿ ಸುತ್ತುತ್ತದೆ. ತೆಂಗಿನ ಮರದ ಬುಡವನ್ನು ಸುತ್ತಲಾರದು.

ಎಲ್ಲಿ, ಯಾವಾಗ ನೆಡಬೇಕು?

ಬಸಳೆಯು ಉಷ್ಣವಲಯದ ಬಳ್ಳಿ. ಶಾಖವನ್ನೂ ತೇವವನ್ನೂ ಬಯಸುತ್ತದೆ; ಹಿಮ ಬೀಳುವ ಕಡೆ ಉಳಿಯದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಸ್ಥಳ ಉತ್ತಮ. ಅರೆನೆರಳಿನಲ್ಲಿಯೂ ಬದುಕುತ್ತದೆ, ಎಲೆಗಳು ಅಗಲವಾದರೂ ಹಂಬುಗಳು ಕಡಿಮೆಯಾಗುತ್ತವೆ. ನೀರು ಸದಾ ಬೇಕು, ಆದರೆ ನಿಲ್ಲಬಾರದು. ಬಾವಿಕಟ್ಟೆಯ ಪಕ್ಕವನ್ನೋ ಬಚ್ಚಲ ನೀರು ಹರಿಯುವ ಜಾಗವನ್ನೋ ಹಿರಿಯರು ಆರಿಸಿಕೊಂಡುದು ಇದಕ್ಕಾಗಿಯೇ. ಇಂದು ಬಚ್ಚಲ ನೀರಿನಲ್ಲಿ ಮಾರ್ಜಕ ಪುಡಿಗಳು ಬೆರೆತಿರುತ್ತವೆ. ಅದನ್ನು ಸೊಪ್ಪಿನ ಬುಡಕ್ಕೆ ಬಿಡದಿರುವುದು ಲೇಸು. ಅಕ್ಕಿ, ತರಕಾರಿ ತೊಳೆದ ನೀರಿಗೆ ಈ ದೋಷವಿಲ್ಲ. ಮೀನು ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹೊಯ್ಯುವ ಕರಾವಳಿಯ ರೂಢಿಯೂ ಒಳ್ಳೆಯದೇ. ಅದರಲ್ಲಿ ಸಾರಜನಕವೂ ರಂಜಕವೂ ಇವೆ.

ಮಳೆ ಬಲವಾಗಿ ಸುರಿಯುವ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ರಭಸ ತಗ್ಗಿದ ಮೇಲೆ, ಎಂದರೆ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ನೆಡುವುದು ಕ್ಷೇಮ. ಆಷಾಢದ ಮಳೆಗೆ ಸಿಕ್ಕಿದ ಹಸಿ ತುಂಡುಗಳು ಬೇರೂರುವ ಮೊದಲೇ ಕೊಳೆಯುತ್ತವೆ. ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನೆಡಬಹುದು.

ನೆಡುವ ಕ್ರಮ

ಎರಡಡಿ ಅಗಲ, ಒಂದೂವರೆ ಅಡಿ ಆಳದ ಕುಳಿಯನ್ನು ತೋಡಿ, ಮೇಲ್ಮಣ್ಣಿನೊಡನೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಸಮಪಾಲು ಬೆರೆಸಿ ತುಂಬಬೇಕು. ಕುಳಿಯ ಮಟ್ಟವು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿದ್ದರೆ ನೀರು ನಿಲ್ಲದು. ಸುಡುಮಣ್ಣೆಂದರೆ ಒಣಗಿದ ತರಗೆಲೆ, ಕಡ್ಡಿ, ಮಣ್ಣಿನ ಹೆಂಟೆ ಇವುಗಳನ್ನು ಪದರಪದರವಾಗಿ ಒಟ್ಟಿ, ಉರಿಯೇಳದಂತೆ ಒಳಗೊಳಗೇ ಬೇಯಿಸಿ ತೆಗೆದ ಮಣ್ಣು. ಇದರ ಗುಣವನ್ನು ಮುಂದೆ ವಿಚಾರಿಸೋಣ.

ನೆಡಲು ಹರೆಯದ ದಂಟೂ ಬೇಡ, ಮರದಂತೆ ಗಟ್ಟಿಯಾದ ಮುದಿ ದಂಟೂ ಬೇಡ. ಸೀಸದಕಡ್ಡಿಗಿಂತ ತುಸು ದಪ್ಪನಾದ, ಬಲಿತ ದಂಟನ್ನು ಒಂದು ಗೇಣು ಉದ್ದಕ್ಕೆ, ಐದಾರು ಗೆಣ್ಣುಗಳಿರುವಂತೆ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು ಮೇಲೆ ಒಂದೆರಡನ್ನು ಮಾತ್ರ ಉಳಿಸಬೇಕು. ಬೇರಿಲ್ಲದ ತುಂಡು ನೀರನ್ನು ಹೀರಲಾರದು. ಎಲೆಗಳಾದರೋ ನೀರನ್ನು ಆವಿಯಾಗಿ ಕಳೆಯುತ್ತಲೇ ಇರುತ್ತವೆ. ಆದಾಯವಿಲ್ಲದ ಮನೆಯಲ್ಲಿ ಖರ್ಚನ್ನು ತಗ್ಗಿಸುವಂತೆ ಎಲೆಗಳನ್ನು ತಗ್ಗಿಸುವುದು ಜಾಣತನ. ಎರಡು ಅಥವಾ ಮೂರು ಗೆಣ್ಣುಗಳು ಮಣ್ಣಿನೊಳಗಿರುವಂತೆ ತುಂಡನ್ನು ಓರೆಯಾಗಿ ನೆಟ್ಟು, ಸುತ್ತಲಿನ ಮಣ್ಣನ್ನು ಬೆರಳಿನಿಂದ ಅದುಮಬೇಕು. ಒಂದು ಕುಳಿಗೆ ಮೂರು ತುಂಡು ಸಾಕು. ತಲೆಕೆಳಗಾಗಿ ನೆಡದಂತೆ ಎಚ್ಚರವಿರಲಿ. ಎಲೆಗಳಿಂದಲೂ ಕುಡಿಯಿಂದಲೂ ಬೆಳವಣಿಗೆಯ ಚೋದಕ ದ್ರವ್ಯವು ಕೆಳಮುಖವಾಗಿ ಹರಿದು ಬಂದು ಬುಡದ ಗಾಯದ ಬಳಿ ಶೇಖರವಾಗುತ್ತದೆ. ಅದರ ಪ್ರೇರಣೆಯಿಂದಲೇ ಬೇರುಗಳು ಹುಟ್ಟುತ್ತವೆ. ಬುಡ ಯಾವುದು, ತುದಿ ಯಾವುದು ಎಂಬುದನ್ನು ದಂಟು ತಾನೇ ಬಲ್ಲುದು. ನಾವು ತಿರುಗಿಸಿ ನೆಟ್ಟ ಮಾತ್ರಕ್ಕೆ ಅದು ಬದಲಾಗದು.

ದಂಟು ದೊರೆಯದವರು ಬೀಜದಿಂದಲೂ ಬೆಳೆಸಬಹುದು. ಬೀಜದ ಸಿಪ್ಪೆ ಗಡುಸಾದುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಬಿತ್ತಬೇಕು. ಮೊಳೆಯಲು ಎರಡು ಮೂರು ವಾರಗಳೂ ಹಿಡಿದಾವು. ಪಟ್ಟಣದ ಮನೆಗಳಲ್ಲಿ ಹಿತ್ತಿಲಿಲ್ಲದಿದ್ದರೆ ಒಂದಡಿ ಆಳದ ಕುಂಡವಾದರೂ ಸಾಕು. ತಳದಲ್ಲಿ ತೂತಿರಬೇಕು, ಕಿಟಕಿಯ ಸರಳಿಗೆ ಎರಡು ಹುರಿಗಳನ್ನು ಎಳೆದು ಕಟ್ಟಿದರೆ ಅದೇ ಚಪ್ಪರವಾಗುತ್ತದೆ.

ನೆಲಬಸಳೆಯೆಂದು ಕೆಲವೆಡೆ ಕರೆಯುವ ಗಿಡವು ಬೇರೆ ಕುಟುಂಬಕ್ಕೆ ಸೇರಿದುದು. ಅದು ಪೊದೆಯಾಗುವುದೇ ಹೊರತು ಬಳ್ಳಿಯಾಗದು. ನೆಡುವ ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಚಪ್ಪರ ಹಾಕಿ ಕಾಯುವ ಕೆಲಸ ಉಳಿದೀತು.

ಕೊಯ್ಯುವುದೂ ಒಂದು ಬೇಸಾಯ

ಹಂಬುಗಳು ಚಪ್ಪರವನ್ನು ಮುಟ್ಟಲು ಆರರಿಂದ ಎಂಟು ವಾರಗಳು ಬೇಕು. ಅಷ್ಟರಲ್ಲಿ ಬಳ್ಳಿಯು ಒಂದೇ ಎಳೆಯಾಗಿ ಮೇಲಕ್ಕೆ ಓಡುತ್ತಿರುವುದನ್ನು ಕಾಣುತ್ತೇವೆ. ಕಂಕುಳ ಮೊಗ್ಗುಗಳು ಇದ್ದಲ್ಲಿಯೇ ಮಲಗಿರುತ್ತವೆ. ಇವನ್ನು ಮಲಗಿಸಿದವರು ಯಾರು?

ಕುಡಿಯೇ. ಬೆಳೆಯುವ ಕುಡಿಯು ಆಕ್ಸಿನ್ ಎಂಬ ಚೋದಕ ದ್ರವ್ಯವನ್ನು ತಯಾರಿಸಿ ಕೆಳಕ್ಕೆ ಕಳುಹಿಸುತ್ತದೆ. ಇಂತಹ ದ್ರವ್ಯವೊಂದು ಇದೆಯೆಂಬುದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ವಿಜ್ಞಾನಿ ಓಟ್ಸ್ ಧಾನ್ಯದ ಮೊಳಕೆಗಳ ಮೇಲೆ ಪ್ರಯೋಗ ಮಾಡಿ ೧೯೨೮ರಲ್ಲಿ ಪ್ರಕಟಿಸಿದ ಬರಹದಲ್ಲಿ ತೋರಿಸಿಕೊಟ್ಟನು. ಕುಡಿಯಿಂದ ಇಳಿದು ಬರುವ ಆಕ್ಸಿನ್ ಕಂಕುಳ ಮೊಗ್ಗುಗಳನ್ನು ಅಡಗಿಸಿಡುತ್ತದೆಯೆಂದು ಬಹುಕಾಲ ತಿಳಿಯಲಾಗಿತ್ತು. ೨೦೧೪ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬಟಾಣಿ ಗಿಡಗಳಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ವೇಗವಾಗಿ ಬೆಳೆಯುವ ಕುಡಿಯು ಗಿಡದ ಸಕ್ಕರೆಯ ಹೆಚ್ಚಿನ ಪಾಲನ್ನು ತನ್ನ ಕಡೆಗೇ ಸೆಳೆದುಕೊಳ್ಳುತ್ತದೆ. ಕುಡಿಯನ್ನು ಚಿವುಟಿದೊಡನೆ ಆ ಸಕ್ಕರೆ ಕಂಕುಳ ಮೊಗ್ಗುಗಳತ್ತ ಹರಿಯುತ್ತದೆ. ಅವು ಎಚ್ಚರಗೊಳ್ಳಲು ಇದೇ ಮೊದಲ ಸೂಚನೆ. ಅನಂತರವೇ ಆಕ್ಸಿನ್ನಿನ ಕೊರತೆ ತನ್ನ ಕೆಲಸವನ್ನು ನಡೆಸುತ್ತದೆ. ಹಿರಿಯ ಮಗನೊಬ್ಬನೇ ಬಾಚಿಕೊಳ್ಳುತ್ತಿದ್ದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರೆ ಕಿರಿಯರಿಗೆ ಅನ್ನ ಸಿಕ್ಕಿದಂತಾಯಿತು.

ಇದರಿಂದ ಕೊಯ್ಯುವ ಕ್ರಮವು ತಾನಾಗಿಯೇ ತಿಳಿಯುತ್ತದೆ. ಬಳ್ಳಿ ಎರಡಡಿ ಬೆಳೆದಾಗ ಕುಡಿಯನ್ನು ಒಮ್ಮೆ ಚಿವುಟಬೇಕು. ಎರಡು ಮೂರು ಹಂಬುಗಳಾಗುತ್ತವೆ. ಅವು ಚಪ್ಪರಕ್ಕೆ ಏರಿದ ಮೇಲೆ ಮತ್ತೊಮ್ಮೆ ಚಿವುಟಬೇಕು. ಆಮೇಲೆ ಕೊಯ್ಯುವಾಗ ಎಲೆಗಳನ್ನು ಒಂದೊಂದಾಗಿ ತರಿಯದೆ, ಒಂದೂವರೆ ಅಡಿ ಉದ್ದದ ಹಂಬನ್ನು ದಂಟುಸಹಿತ, ಗೆಣ್ಣಿನಿಂದ ಅರ್ಧ ಅಂಗುಲ ಮೇಲಕ್ಕೆ, ಹರಿತವಾದ ಕತ್ತಿಯಿಂದ ಕೊಯ್ಯಬೇಕು. ಉಳಿದ ಹಂಬಿನಲ್ಲಿ ಎಲೆಯಿರುವ ಎರಡು ಗೆಣ್ಣುಗಳಾದರೂ ಇರಬೇಕು. ಎಲೆಯಿಲ್ಲದೆ ಗೆಣ್ಣಿಗೆ ಆಹಾರವಿಲ್ಲ. ಗೆಣ್ಣಿಲ್ಲದೆ ಹೊಸ ಎಲೆಯಿಲ್ಲ. ಒಂದು ಸಲಕ್ಕೆ ಇಡೀ ಚಪ್ಪರವನ್ನು ಬೋಳಿಸದೆ ಮೂರನೆಯ ಒಂದು ಭಾಗವನ್ನು ಕೊಯ್ದರೆ, ಸರದಿಯಂತೆ ಬಳ್ಳಿಯು ವರ್ಷದ ಬಹುಭಾಗ ಸೊಪ್ಪನ್ನು ಕೊಡುತ್ತದೆ. ಪ್ರತಿ ಕೊಯ್ಲಿನ ಮಾರನೆಯ ದಿನ ಒಂದು ಬೊಗಸೆ ಹಟ್ಟಿಗೊಬ್ಬರವನ್ನೋ ಸೆಗಣಿಯ ತಿಳಿಯನ್ನೋ ಬುಡಕ್ಕೆ ಕೊಡುವುದನ್ನು ಮರೆಯಬಾರದು. ತೆಗೆದುಕೊಂಡವರು ಕೊಡಲೂಬೇಕಷ್ಟೆ.

ಹಗಲು ಕಿರಿದಾಗುವ ದಿನಗಳಲ್ಲಿ ಬಸಳೆಯು ಹೆಚ್ಚಾಗಿ ಹೂವಿನ ಕಡೆಗೆ ತಿರುಗುತ್ತದೆ. ಎಲೆಗಳು ಸಣ್ಣವಾಗುತ್ತವೆ, ದಂಟು ನಾರಾಗುತ್ತದೆ. ಸೊಪ್ಪು ಬೇಕಾದವರು ಹೂಗೊಂಚಲುಗಳನ್ನು ಕಂಡಕಂಡಲ್ಲಿ ಚಿವುಟಬೇಕು. ಬೀಜ ಬೇಕಾದವರು ಒಂದು ಹಂಬನ್ನು ಮಾತ್ರ ಹೂವಿಗೆ ಬಿಡಬಹುದು.

ನಮ್ಮ ಬಳ್ಳಿ ಸೊರಗಿದುದು

ಇಷ್ಟೆಲ್ಲ ಬರೆಯುವ ನಾವೇ ಒಮ್ಮೆ ನಮ್ಮ ಹಿತ್ತಿಲ ಬಸಳೆಯನ್ನು ಕಳೆದುಕೊಂಡೆವು. ಅದನ್ನು ಮರೆಮಾಚುವುದು ಸರಿಯಲ್ಲ. ನಮ್ಮ ತಪ್ಪಿನಿಂದ ವಾಚಕರಿಗೆ ಲಾಭವಾಗುವುದಾದರೆ ಆಗಲಿ.

ಆ ಬಳ್ಳಿ ನಮ್ಮ ತಾಯಿಯವರು ತವರಿನಿಂದ ತಂದು ನೆಟ್ಟುದು. ಅವರು ತೀರಿಹೋದ ಮೇಲೆಯೂ ಅದರ ದಂಟನ್ನೇ ಪ್ರತಿವರ್ಷ ಕತ್ತರಿಸಿ, ಬಾವಿಯ ಪಕ್ಕದ ಅದೇ ಕುಳಿಯಲ್ಲಿ ನೆಡುತ್ತ ಬಂದೆವು. ಮೊದಲ ಎರಡು ವರ್ಷ ಸೊಗಸಾಗಿ ಬೆಳೆಯಿತು. ಮೂರನೆಯ ವರ್ಷ ಎಲೆಗಳು ವೀಳ್ಯದೆಲೆಗಿಂತಲೂ ಕಿರಿದಾದುವು. ಬಣ್ಣ ಹಳದಿಗೆ ತಿರುಗಿತು. ಬೆಳಗ್ಗೆ ನೀರೆರೆದರೂ ಮಧ್ಯಾಹ್ನ ಬಾಡುತ್ತಿತ್ತು. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆವು. ನೀರು ಸಾಲದೆಂದು ಇನ್ನಷ್ಟು ನೀರೆರೆದೆವು. ಎರಡೂ ವ್ಯರ್ಥವಾದುವು. ಕೊನೆಗೆ ಒಂದು ಬುಡವನ್ನು ಅಗೆದು ತೆಗೆದಾಗ ಬೇರುಗಳೆಲ್ಲ ಜಪಮಾಲೆಯ ಮಣಿಗಳಂತೆ ಗಂಟುಗಂಟಾಗಿದ್ದುವು.

ಅದು ಬೇರುಗಂಟಿನ ರೋಗ. ಮಣ್ಣಿನಲ್ಲಿರುವ, ಅರ್ಧ ಮಿಲಿಮೀಟರಿನಷ್ಟು ಉದ್ದದ, ಬರಿಗಣ್ಣಿಗೆ ಕಾಣದ ಜಂತುಹುಳುಗಳು ಎಳೆಯ ಬೇರಿನೊಳಹೊಕ್ಕು, ಅಲ್ಲಿನ ಜೀವಕೋಶಗಳನ್ನು ಉಬ್ಬಿಸಿ, ಅವುಗಳಿಂದಲೇ ಆಹಾರವನ್ನು ಹೀರುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಬಸಳೆಯ ಮೇಲೆ ಇವುಗಳಿಗೆ ಪ್ರೀತಿ ಹೆಚ್ಚು. ಬದನೆ, ಟೊಮೇಟೊ, ಬೆಂಡೆಗಳೂ ಇವುಗಳ ಆಹಾರವೇ. ಒಂದೇ ಕುಳಿಯಲ್ಲಿ ವರ್ಷವರ್ಷವೂ ಬಸಳೆಯನ್ನು ನೆಟ್ಟ ನಾವು, ಅರಿಯದೆ ಜಂತುಹುಳುಗಳಿಗೆ ಅನ್ನಛತ್ರವನ್ನೇ ನಡೆಸಿದ್ದೆವು.

ನೆರೆಮನೆಯ ವೃದ್ಧೆಯೊಬ್ಬರು ಬಂದು ನೋಡಿ, “ಒಂದೇ ಕುಳಿಯಲ್ಲಿ ಎಷ್ಟು ವರ್ಷ ಇಡ್ತೀರಿ ಮಾರಾಯ್ರೆ? ಮಣ್ಣು ಸುಡಲಿಲ್ಲವಾ?” ಎಂದು ಕೇಳಿದರು. ಸುಡುಮಣ್ಣಿಗೆ ಹೊಗೆ ಹೆಚ್ಚೆಂದೂ, ಅದು ಹಳೆಯ ಕಾಲದ ರೂಢಿಯೆಂದೂ ನಾವು ಅದನ್ನು ಕೈಬಿಟ್ಟಿದ್ದೆವು. ಆಮೇಲೆ ಯೋಚಿಸಿದಾಗ ಅವರ ಮಾತಿನ ಅರ್ಥ ಹೊಳೆಯಿತು. ಈ ಜಂತುಗಳೂ ಅವುಗಳ ಮೊಟ್ಟೆಗಳೂ ಐವತ್ತೈದು ಅರುವತ್ತು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೆಚ್ಚು ಹೊತ್ತು ಬದುಕಲಾರವು. ಸುಡುಮಣ್ಣಿನ ರಾಶಿಯೊಳಗೆ ಶಾಖವು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಜಂತುಗಳೊಡನೆ ಕಳೆಯ ಬೀಜಗಳೂ ರೋಗದ ಬೂಷ್ಟುಗಳೂ ನಾಶವಾಗುತ್ತವೆ. ಮಣ್ಣಿನ ಸಾವಯವ ಪದಾರ್ಥದಲ್ಲಿ ಬಂಧಿತವಾಗಿದ್ದ ಸಾರಜನಕದ ಒಂದಂಶ ಬಿಡುಗಡೆಯಾಗಿ ಬೇರಿಗೆ ಎಟಕುತ್ತದೆ. ಬೂದಿಯಿಂದ ಪೊಟ್ಯಾಷ್ ದೊರೆಯುತ್ತದೆ. ಕರಾವಳಿಯ ಕೆಂಪು ಮುರಕಲ್ಲು ಮಣ್ಣಿನ ಹುಳಿಯಂಶವೂ ತುಸು ತಗ್ಗುತ್ತದೆ. ಆದರೆ ಸುಟ್ಟಾಗ ಸಾವಯವ ಪದಾರ್ಥವು ನಷ್ಟವಾಗುವುದೂ ನಿಜ. ಹಿರಿಯರು ಸುಡುಮಣ್ಣನ್ನು ಒಂಟಿಯಾಗಿ ಬಳಸದೆ ಹಟ್ಟಿಗೊಬ್ಬರದೊಡನೆ ಬೆರೆಸುತ್ತಿದ್ದುದರಿಂದ ಆ ನಷ್ಟವೂ ತುಂಬಿಬರುತ್ತಿತ್ತು.

ರೋಗ ತಗಲಿದ ಬಳ್ಳಿಯ ಮೇಲಿನ ಹಂಬುಗಳಲ್ಲಿ ಮಾತ್ರ ದೋಷವಿರಲಿಲ್ಲ, ಜಂತುಗಳಿರುವುದು ಬೇರಿನಲ್ಲಿ. ನೆಲಕ್ಕೆ ತಾಗದ ಎತ್ತರದ ದಂಟುಗಳನ್ನು ಆರಿಸಿ, ಹತ್ತು ಮಾರು ದೂರದ ಹೊಸ ಕುಳಿಯಲ್ಲಿ ನೆಟ್ಟೆವು. ಹಳೆಯ ಬೇರುಗಳನ್ನೆಲ್ಲ ಅಗೆದು ಸುಟ್ಟು, ಆ ಜಾಗದಲ್ಲಿ ಚೆಂಡುಹೂವನ್ನು ಬೆಳೆದೆವು. ಚೆಂಡುಹೂವಿನ ಬೇರಿನಲ್ಲಿ ಜಂತುಹುಳುಗಳಿಗೆ ವಿಷವಾದ ಪದಾರ್ಥವಿದೆ. ಬಳ್ಳಿ ಉಳಿಯಿತು. ಇಂದು ನಮ್ಮ ಚಪ್ಪರದ ಮೇಲಿರುವುದು ತಾಯಿಯವರು ತಂದ ಆ ಬಳ್ಳಿಯೇ. ಬೀಜದಿಂದ ಹುಟ್ಟಿದುದು ಮಗುವಾದರೆ, ದಂಟಿನಿಂದ ಬೆಳೆದುದು ಅದೇ ಜೀವದ ಮುಂದುವರಿಕೆ. ಇಂತಹ ಬಳ್ಳಿಗಳು ಯಾವ ಬೀಜದ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಒಂದು ಮನೆ ನೆಡುವುದನ್ನು ನಿಲ್ಲಿಸಿ, ನೆರೆಯವರೂ ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ಆದುದರಿಂದ ಪ್ರತಿವರ್ಷವೂ ಕುಳಿಯನ್ನು ಬದಲಿಸಬೇಕು. ಎರಡು ಮನೆಗಳಿಗಾದರೂ ದಂಟನ್ನು ಕೊಟ್ಟಿರಬೇಕು. ನಮ್ಮದು ಹೋದರೆ ಅವರಲ್ಲಿರುತ್ತದೆ.

ಎಲೆಯ ಮೇಲೆ ನಡುವೆ ಬಿಳಿಚಿದ, ಅಂಚು ಕೆಂಪಾದ ದುಂಡು ಚುಕ್ಕೆಗಳು ಕಂಡರೆ ಅದು ಬೂಷ್ಟಿನಿಂದ ಬರುವ ಎಲೆಚುಕ್ಕೆ ರೋಗ. ಅಂತಹ ಎಲೆಗಳನ್ನು ಕಿತ್ತು ನಾಶಮಾಡಿ, ಎಲೆಗಳ ಮೇಲೆ ಎರೆಯದೆ ಬುಡಕ್ಕೆ ಮಾತ್ರ ನೀರೆರೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ರೋಗವಿರುವ ಬಳ್ಳಿಯ ದಂಟನ್ನು ನೆಡಲು ಕೊಡಲೂಬಾರದು, ತರಲೂಬಾರದು.

ಹಣ್ಣಿನ ಬಣ್ಣ

ಬಸಳೆಯ ಹೂ ಪೂರ್ತಿಯಾಗಿ ಅರಳುವುದೇ ಇಲ್ಲ. ಹೂವಿನ ದಳದಂತಹ ಹೊದಿಕೆಯೇ ದಪ್ಪವಾಗಿ, ರಸ ತುಂಬಿ, ಒಳಗಿನ ನಿಜವಾದ ಕಾಯಿಯನ್ನು ಮುಚ್ಚಿಕೊಳ್ಳುತ್ತದೆ. ನಾವು ಹಣ್ಣೆಂದು ಹಿಸುಕುವ ಕಡುನೇರಳೆ ಗುಂಡು ಇದೇ. ಮಕ್ಕಳು ಇದರ ರಸದಿಂದ ಶಾಯಿ ಮಾಡಿ ಆಡುತ್ತಾರೆ.

ಈ ರಸದಿಂದ ಸುಲಭವಾದ ಪ್ರಯೋಗವೊಂದನ್ನು ಮಾಡಬಹುದು. ಒಂದು ಬಟ್ಟಲಲ್ಲಿ ಬಸಳೆಹಣ್ಣಿನ ರಸವನ್ನೂ, ಇನ್ನೊಂದರಲ್ಲಿ ನೀಲಿ ಶಂಖಪುಷ್ಪದ ರಸವನ್ನೂ ನೀರಿನಲ್ಲಿ ತೆಳ್ಳಗೆ ಮಾಡಿಟ್ಟುಕೊಳ್ಳಿ. ಎರಡಕ್ಕೂ ನಿಂಬೆರಸದ ಕೆಲವು ಹನಿಗಳನ್ನು ಬಿಡಿ. ಶಂಖಪುಷ್ಪದ ನೀಲಿಯು ಕೂಡಲೆ ನೇರಳೆಗೆಂಪಾಗುತ್ತದೆ. ಬಸಳೆಯ ಬಣ್ಣ ಹಾಗೆಯೇ ನಿಲ್ಲುತ್ತದೆ. ಬೀಟ್‌ರೂಟಿನ ರಸವನ್ನು ಪರೀಕ್ಷಿಸಿದರೆ ಅದೂ ಬಸಳೆಯಂತೆಯೇ ನಡೆದುಕೊಳ್ಳುತ್ತದೆ. ಕಾರಣವೇನೆಂದರೆ ಶಂಖಪುಷ್ಪದ ಬಣ್ಣವು ಆಂಥೊಸಯನಿನ್ ಎಂಬ ವರ್ಗದ್ದು. ಬಸಳೆ, ಬೀಟ್‌ರೂಟು, ಕೆಂಪು ಹರಿವೆಗಳ ಬಣ್ಣವು ಬೀಟಲೇನ್ ಎಂಬ ಬೇರೆ ವರ್ಗದ್ದು. ಈ ಎರಡು ವರ್ಗದ ಬಣ್ಣಗಳು ಒಂದೇ ಸಸ್ಯದಲ್ಲಿ ಸ್ವಾಭಾವಿಕವಾಗಿ ಕೂಡಿ ಇದ್ದುದನ್ನು ಯಾರೂ ಕಂಡಿಲ್ಲ. ಬಸಳೆಗೂ ಬೀಟ್‌ರೂಟಿಗೂ ಇರುವ ಬಳಗದ ಸಂಬಂಧವನ್ನು ಹೀಗೆ ಅಡಿಗೆಮನೆಯ ಎರಡು ಬಟ್ಟಲುಗಳಲ್ಲಿಯೇ ಕಾಣಬಹುದು.

ಅಡಿಗೆಮನೆಯಲ್ಲಿ

ಅಮೆರಿಕದ ಕೃಷಿ ಇಲಾಖೆಯ ಆಹಾರಪಟ್ಟಿಯಂತೆ ನೂರು ಗ್ರಾಂ ಹಸಿ ಬಸಳೆ ಸೊಪ್ಪಿನಲ್ಲಿ ಸುಮಾರು ೯೩ ಗ್ರಾಂ ನೀರಿದೆ. ಉಳಿದುದರಲ್ಲಿ ಸಿ ಜೀವಸತ್ವ ಸುಮಾರು ೧೦೦ ಮಿಲಿಗ್ರಾಂ. ಸುಣ್ಣಾಂಶ ಸುಮಾರು ೧೧೦ ಮಿಲಿಗ್ರಾಂ. ಕಬ್ಬಿಣ ಒಂದೂಕಾಲು ಮಿಲಿಗ್ರಾಂ. ಎ ಜೀವಸತ್ವವಾಗಿ ದೇಹದಲ್ಲಿ ಮಾರ್ಪಡುವ ಕೆರೋಟೀನ್ ಧಾರಾಳವಾಗಿದೆ. ರಕ್ತಕಣಗಳು ಹುಟ್ಟಲು ಬೇಕಾದ ಫೋಲಿಕ್ ಆಮ್ಲವೂ ಇದೆ. ಬಸಳೆ ತಿಂದರೆ ರಕ್ತ ಹೆಚ್ಚುತ್ತದೆಂಬ ಮಾತಿದೆ. ಕಬ್ಬಿಣದ ಪ್ರಮಾಣ ಸಾಧಾರಣವಾದುದರಿಂದ, ಬಸಳೆಯೊಂದನ್ನೇ ನಂಬಿ ರಕ್ತಹೀನತೆಗೆ ಮದ್ದು ಮಾಡದೆ ಇರುವುದು ತಪ್ಪಾದೀತು. ಆದರೆ ಮನೆಯ ಮಕ್ಕಳ ಕಣ್ಣಿಗೂ ಬೆಳವಣಿಗೆಗೂ ಬೇಕಾದ ಎ ಜೀವಸತ್ವವು ಖರ್ಚಿಲ್ಲದೆ ಒದಗುವ ದಾರಿಗಳಲ್ಲಿ ಇದು ಮೇಲಾದುದು.

ಕೆರೋಟೀನ್ ಕೊಬ್ಬಿನಲ್ಲಿ ಕರಗುವ ವಸ್ತು. ಎಣ್ಣೆ ಅಥವಾ ತೆಂಗಿನಕಾಯಿ ಕೂಡಿದ್ದರೆ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ. ಕಾಯಿ ಅರೆದು ಹಾಕುವ ಬಸಳೆಯ ಹುಳಿ, ಹಲಸಿನ ಬೀಜ ಬೆರೆಸಿದ ಸಾಂಬಾರು, ಸಿಗಡಿ ಹಾಕಿದ ಗಸಿ, ಅಕ್ಕಿಯ ಪುಂಡಿಗಳನ್ನು ಬಸಳೆಯ ಸಾರಿನಲ್ಲಿ ಬೇಯಿಸಿದ ಪುಂಡಿ ಇವೆಲ್ಲ ರುಚಿಗಾಗಿ ಹುಟ್ಟಿದ ಪಾಕಗಳಾದರೂ ಪೋಷಣೆಯ ದೃಷ್ಟಿಯಿಂದಲೂ ಮೆಚ್ಚತಕ್ಕವು. ಸಿ ಜೀವಸತ್ವವಾದರೋ ನೀರಿನಲ್ಲಿ ಕರಗುತ್ತದೆ, ಶಾಖದಿಂದ ಕೆಡುತ್ತದೆ. ಆದುದರಿಂದ ಸೊಪ್ಪನ್ನು ಮೊದಲು ತೊಳೆದು ಅನಂತರ ಹೆಚ್ಚಬೇಕು. ದಂಟನ್ನು ಮೊದಲು ಬೇಯಿಸಿ ಎಲೆಗಳನ್ನು ಕೊನೆಗೆ ಹಾಕಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ಲೋಳೆ ಹಿಡಿಸದವರು ಹುಣಿಸೆಹುಳಿಯನ್ನೋ ಮಜ್ಜಿಗೆಯನ್ನೋ ಸೇರಿಸಿದರೆ ಜಿಗುಟು ತಗ್ಗುತ್ತದೆ. ಬಸಳೆಯಲ್ಲಿ ಆಕ್ಸಲೇಟ್ ಲವಣವಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತಿನ್ನುವುದು ಲೇಸು.

ಮಾಡಿ ನೋಡಿ

ಶಾಲೆಯ ಮಕ್ಕಳು ಮೂರು ಕುಂಡಗಳಲ್ಲಿ ಒಂದೇ ಬಳ್ಳಿಯ ಮೂರು ತುಂಡುಗಳನ್ನು ನೆಡಲಿ: ಮೊದಲನೆಯದರಲ್ಲಿ ಮಣ್ಣಿನೊಳಗೆ ಗೆಣ್ಣಿಲ್ಲದಂತೆ, ಎರಡನೆಯದರಲ್ಲಿ ಒಂದು ಗೆಣ್ಣು, ಮೂರನೆಯದರಲ್ಲಿ ಮೂರು ಗೆಣ್ಣುಗಳಿರುವಂತೆ. ಮೂರು ವಾರಗಳ ಮೇಲೆ ಮೆಲ್ಲನೆ ತೆಗೆದು, ಬೇರುಗಳು ಎಲ್ಲಿಂದ ಹೊರಟಿವೆ, ಎಷ್ಟಿವೆ ಎಂಬುದನ್ನು ಎಣಿಸಿ ಬರೆದಿಡಲಿ. ಮತ್ತೆ ನೆಟ್ಟು, ಎರಡು ಹಂಬುಗಳಲ್ಲಿ ಒಂದರ ಕುಡಿಯನ್ನು ಚಿವುಟಿ, ಇನ್ನೊಂದನ್ನು ಬಿಟ್ಟು, ತಿಂಗಳ ಮೇಲೆ ಎಲೆಗಳನ್ನು ಲೆಕ್ಕ ಹಾಕಲಿ. ಪುಸ್ತಕದಲ್ಲಿ ಓದಿದುದಕ್ಕಿಂತ ಈ ಲೆಕ್ಕ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ. ಪ್ರಯೋಗ ಮುಗಿದ ಮೇಲೆ ಆ ಕುಂಡಗಳ ಬಳ್ಳಿಗಳನ್ನು ಎಸೆಯಬೇಕಾಗಿಲ್ಲ. ಒಂದೊಂದು ಮನೆಗೆ ಒಂದೊಂದು ತುಂಡನ್ನು ಕೊಂಡೊಯ್ದು ನೆಟ್ಟರೆ, ಮುಂದಿನ ಬೇಸಗೆಯ ಹೊತ್ತಿಗೆ ಅಷ್ಟು ಚಪ್ಪರಗಳು ಊರಿನಲ್ಲಿ ಏಳುತ್ತವೆ.